ಒಂದು ದಿನ ಮೊದಲೇ ಇಳಿದ ಹೊಳೆ

ನಾನು ಬರೆದಿರುವ ಪುಸ್ತಕಗಳೆಲ್ಲ ಹೈಸ್ಕೂಲು ಮಕ್ಕಳಿಗೆ. ಎಲ್ಲದರಲ್ಲೂ ಇರುವುದು ಒಂದೇ ಕಥೆಯ ಮುಂದುವರಿಕೆ. ನಮ್ಮ ಸೀಮೆಯಲ್ಲಿ ಹಿಂದೆ ಎದ್ದು ಸೋತುಹೋದ ಒಂದು ದಂಗೆ, ಸೋಲದೆ ಗೆದ್ದಿದ್ದರೆ ಏನಾಗುತ್ತಿತ್ತು ಅನ್ನುವುದು ಆ ಕಥೆ. "ಹಿಂಗೆಲ್ಲ ಸುಳ್ಳು ಇತಿಹಾಸ ಬರದ್ರ ಹುಡುಗ್ರು ಪರೀಕ್ಷೆಯಾಗೂ ಅದನ್ನ ಬರೀತಾವ್ರಿ ಮೇಡಂ" ಎಂದು ನಮ್ಮ ಹೆಡ್ಮಾಸ್ತರು ತಕರಾರು ತೆಗೆದಿದ್ದರು. ಒಬ್ಬ ಬರೆದೂಬಿಟ್ಟ. ಬರವಣಿಗೆ ಎಷ್ಟು ಚೆನ್ನಾಗಿತ್ತೆಂದರೆ ಪೂರ್ತಿ ಅಂಕ ಕೊಟ್ಟೆ. ಅದಕ್ಕೂ ಬೈಸಿಕೊಂಡೆ.

ನಾನು ಹಗರಿಬೊಮ್ಮನಹಳ್ಳಿಯಲ್ಲಿ ಸಮಾಜ ಪಾಠ ಮಾಡುತ್ತೇನೆ. ಮನೆ ಕೊಟ್ಟೂರಿನಲ್ಲಿ, ನಾನು ಮತ್ತು ಅವ್ವ. ದಿನಾ ಹೋಗಿ ಬರುವುದು ಬಸ್ಸಿನಲ್ಲಿ. ಪಾಠಪುಸ್ತಕದಲ್ಲಿ ನಮ್ಮ ಸೀಮೆಯ ದಂಗೆಗೆ ಸಿಕ್ಕಿರುವ ಜಾಗ ಬಹಳ ಕಡಿಮೆ: ಎದ್ದರು, ಅಡಗಿಸಲಾಯಿತು. ಅದನ್ನು ಓದಿ ಹೇಳುತ್ತಿದ್ದಾಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳು, "ಮಿಸ್, ನಮ್ಮೋರು ಒಂದ್ ಸಲಾನೂ ಗೆಲ್ಲಂಗಿಲ್ಲೇನ್ರಿ?" ಎಂದಳು. ನನಗೆ ಸಿಟ್ಟು ನೆತ್ತಿಗೇರಿತು. ಹುಡುಗಿಯ ಮೇಲಲ್ಲ, ಆ 'ಅಡಗಿಸಲಾಯಿತು' ಎಂಬ ಮಾತಿನ ಮೇಲೆ. ಅಡಗಿಸುವುದು ಅಂದರೇನು ಎಂದು ಆ ಸಾಲು ಬರೆದವರು ಒಮ್ಮೆಯಾದರೂ ಒಂದು ಮನೆಯೊಳಗೆ ಕೂತು ನೋಡಿದ್ದಾರೆಯೇ?

ಹೊಳೆದಂಡೆಯ ಊರು ಹಲವಾಗಲು ಕಡೆಯ ಮುದುಕರು ಹೇಳುತ್ತಿದ್ದ ಮಾತೊಂದಿತ್ತು. ದಂಗೆಯ ದಿನ ಹೊಳೆಯ ಆಚೆ ದಂಡೆಯಿಂದ ಈಚೆ ದಂಡೆಗೆ ಸುದ್ದಿ ಬರಬೇಕಿತ್ತಂತೆ. ಹೊಳೆ ತುಂಬಿತ್ತು, ಹರಿಗೋಲು ದಾಟಲಿಲ್ಲ. ಮರುದಿನ ನೀರು ಇಳಿಯಿತು, ಅಷ್ಟರಲ್ಲಿ ಎಲ್ಲ ಮುಗಿದಿತ್ತು. ನಿಜವೋ ಸುಳ್ಳೋ ನನಗೆ ಗೊತ್ತಿಲ್ಲ. ನನ್ನ ಪುಸ್ತಕದಲ್ಲಿ ಹೊಳೆ ಒಂದು ದಿನ ಮೊದಲೇ ಇಳಿಯುತ್ತದೆ. ನಾನು ಬದಲಿಸಿದ್ದು ಅಷ್ಟೇ. ಮಿಕ್ಕಿದ್ದೆಲ್ಲ ಇದ್ದ ಹಾಗೆಯೇ ಇರಬೇಕು: ಅದೇ ಬಿಸಿಲು, ಅದೇ ಜೋಳ, ಅದೇ ಕುರಿ, ಅದೇ ದಾಯಾದಿ ಜಗಳ. ಒಂದೇ ಒಂದು ಬದಲಾಗಬೇಕು, ಇಲ್ಲದಿದ್ದರೆ ಮಕ್ಕಳು ನಂಬುವುದಿಲ್ಲ.

ಹೊಳೆ ದಾಟಿ ಸುದ್ದಿ ತರುವವನು ಕುರಿ ಕಾಯುವ ಹುಡುಗ. ಹತ್ತೊಂಬತ್ತರ ಪ್ರಾಯ. ಎಡಗೈಯಲ್ಲಿ ಉಣ್ಣುತ್ತಾನೆ. ಮೊಸರನ್ನಕ್ಕೆ ಬೆಲ್ಲ ಕಲಸಿಕೊಳ್ಳುತ್ತಾನೆ. ಬೈದರೂ ಹೊಗಳಿದರೂ "ಆತು ಬಿಡು" ಅನ್ನುತ್ತಾನೆ. ಇವೆಲ್ಲ ಕುರಿ ಕಾಯುವ ಹುಡುಗನವಲ್ಲ. ನಮ್ಮಣ್ಣನವು.

ಅಣ್ಣ ನನಗಿಂತ ಬಹಳ ದೊಡ್ಡವನು. ಹರಪನಹಳ್ಳಿಯಲ್ಲಿ ಕಾಲೇಜು ಓದುತ್ತಿದ್ದ. ಅಪ್ಪನದು ಕೊಟ್ಟೂರಿನಲ್ಲಿ ಹಗ್ಗ, ಕಣ್ಣಿ, ಎತ್ತಿನ ಗೆಜ್ಜೆ ಮಾರುವ ಅಂಗಡಿ. ರಜೆಗೆ ಬಂದ ಅಣ್ಣ ಅಂಗಡಿಯ ಹಮಾಲನ ಕೂಲಿ ವಿಷಯಕ್ಕೆ ಅಪ್ಪನ ಜೊತೆ ಜಗಳ ತೆಗೆಯುತ್ತಿದ್ದ. 'ಕ್ರಾಂತಿ' ಎಂಬ ಶಬ್ದವನ್ನು ನಾನು ಮೊದಲು ಕೇಳಿದ್ದು ಪುಸ್ತಕದಲ್ಲಲ್ಲ, ನಮ್ಮ ಅಡುಗೆಮನೆಯಲ್ಲಿ, ಅವನ ಬಾಯಲ್ಲಿ. ಅಪ್ಪ ನಕ್ಕು, "ಮೊದ್ಲು ಡಿಗ್ರಿ ಮುಗಸು, ಆಮ್ಯಾಲೆ ಕ್ರಾಂತಿ ಮಾಡೀಯಂತ" ಅಂದಿದ್ದ. ಡಿಗ್ರಿ ಮುಗಿಯಲಿಲ್ಲ. ನಾನು ಏಳನೇ ಕ್ಲಾಸಿನಲ್ಲಿದ್ದಾಗ ಅಣ್ಣ ಒಂದು ಬೆಳಿಗ್ಗೆ ಕೂಡ್ಲಿಗಿ ಬಸ್ಸು ಹತ್ತಿದ. ಅಲ್ಲಿಂದ ಮುಂದೆ ರಾಜ್ಯದ ಗಡಿಯಾಚೆಯ ಅಡವಿಗೆ ಹೋದನಂತೆ. ಅಲ್ಲಿ ಬಂದೂಕು ಹಿಡಿದು ಸೇರಿದ್ದವರು ಒಂದು ಹಿಡಿ ಹುಡುಗರು. ತಾವು ಎದ್ದರೆ ದೇಶ ಏಳುತ್ತದೆ ಎಂದು ನಂಬಿದ್ದರು. ದೇಶ ಬಿಡಿ, ಕೊಟ್ಟೂರು ಕೂಡ ಏಳಲಿಲ್ಲ. ಮರುದಿನ ಎಲ್ಲ ಅಂಗಡಿಗಳೂ ಎಂದಿನಂತೆ ಬಾಗಿಲು ತೆರೆದವು, ನಮ್ಮದೂ ಸೇರಿ.

ಎರಡು ವರ್ಷವಾದ ಮೇಲೆ ಪೊಲೀಸರು ಮನೆಗೆ ಬಂದರು. ಗಡಿಯಾಚೆ ಗುಂಡು ಹಾರಿದೆ, ಕೆಲವು ಹುಡುಗರು ಸತ್ತಿದ್ದಾರೆ, ಬಂದು ಗುರುತು ಹೇಳಬೇಕು ಎಂದರು. ಅಪ್ಪ ಜೀಪಿನಲ್ಲಿ ಹೋದ. ಮರುದಿನ ಸಂಜೆ ಬಂದವನು ಹೊರಗೇ ಕೈಕಾಲು ತೊಳೆದು ಒಳಗೆ ಬಂದು, "ನಮ್ಮ ಹುಡುಗ ಅಲ್ಲ" ಎಂದ. ಅವ್ವ ಓಡಿಹೋಗಿ ದೇವರಿಗೆ ದೀಪ ಹಚ್ಚಿದಳು.

ಅದಾದ ಮೇಲೆ ಅಪ್ಪ ಅಣ್ಣನ ಮಾತೆತ್ತಿದ್ದನ್ನು ನಾನು ಕೇಳಲಿಲ್ಲ. ಬರುತ್ತಾನೆ ಅನ್ನಲಿಲ್ಲ, ಬರುವುದಿಲ್ಲ ಅಂತಲೂ ಅನ್ನಲಿಲ್ಲ. ಅದೇ ತಿಂಗಳು ಅಣ್ಣನ ಸೈಕಲ್ಲನ್ನು ಹಮಾಲನಿಗೆ ಕೊಟ್ಟುಬಿಟ್ಟ. ಮನೆಗೆ ಬರುವ ಮಗನ ಸೈಕಲ್ಲನ್ನು ಯಾರಾದರೂ ಕೊಡುತ್ತಾರೆಯೇ? ನನಗೆ ಅರ್ಥವಾಯಿತು. ಅವ್ವನಿಗೂ ಆಗಿರಬೇಕು. ಆದರೆ ಅಪ್ಪನ ಬಾಯಿಂದ 'ಅಲ್ಲ' ಎಂದು ಬಂದಾಗಿತ್ತು, ಅವ್ವ ಅದನ್ನೇ ಹಿಡಿದುಕೊಂಡು ಕೂತಳು. ಸಾಯುವ ಹೊತ್ತಿನಲ್ಲೂ ಅಪ್ಪ ಬೇರೆ ಏನೂ ಹೇಳಲಿಲ್ಲ.

ಇಲ್ಲಿ ಅವ್ವನ ಬಗ್ಗೆ ಒಂದು ಮಾತು ಹೇಳಬೇಕು. ನಮ್ಮಲ್ಲಿ ಸತ್ತವರ ಮುಂದೆ ಹೆಂಗಸರು ಬರೀ ಅಳುವುದಿಲ್ಲ, ಹಾಡ್ಯಾಡಿ ಅಳುತ್ತಾರೆ. ಸತ್ತವರು ಹೇಗೆ ಬಾಳಿದರು, ಇದ್ದಿದ್ದರೆ ಇನ್ನೂ ಹೇಗೆಲ್ಲ ಬಾಳುತ್ತಿದ್ದರು ಎಂದು ರಾಗ ತೆಗೆದು ಹೇಳಿಕೊಂಡು ಅಳುತ್ತಾರೆ. ನಮ್ಮ ಓಣಿಯಲ್ಲಿ ಅದನ್ನು ಅವ್ವನ ಹಾಗೆ ಮಾಡುವವರು ಇನ್ನೊಬ್ಬರಿರಲಿಲ್ಲ. ಸಾವಾದರೆ ಅವಳಿಗೆ ಮೊದಲು ಹೇಳಿಕಳಿಸುತ್ತಿದ್ದರು. ಹೆರಿಗೆಯಲ್ಲಿ ಹೋದ ಸೊಸೆಯೊಬ್ಬಳ ಮುಂದೆ ಕೂತು, ಹುಟ್ಟಿದ್ದ ಮಗು ತಾಯಿಯ ಸೆರಗು ಹಿಡಿದು ಶಾಲೆಗೆ ಹೋಗುವಷ್ಟು ದೊಡ್ಡದಾಗುವವರೆಗೆ ಹಾಡಿಬಿಟ್ಟಿದ್ದಳು. ಆ ಮನೆಯ ಗಂಡಸರು ಎದ್ದು ಹೊರಗೆ ಹೋಗಿದ್ದರು. ಊರ ಸಾವಿಗೆಲ್ಲ ಹೀಗೆ ಅತ್ತವಳಿಗೆ ತನ್ನ ಮಗನಿಗಾಗಿ ಮಾತ್ರ ಅಳುವ ಹಾಗಿರಲಿಲ್ಲ. ಸತ್ತನೆಂದು ಯಾರೂ ಹೇಳದವನ ಮೇಲೆ ಹಾಡ್ಯಾಡಿ ಅತ್ತರೆ ತಾನೇ ಕೈಯಾರೆ ಕೊಂದ ಹಾಗೆ. ಅಷ್ಟು ವರ್ಷ ಆ ಅಳು ಅವಳ ಗಂಟಲಲ್ಲೇ ಇತ್ತು.

ಅವ್ವನಿಗೆ ಓದಲು ಬರುವುದಿಲ್ಲ. ಭಾನುವಾರ ಬೆಳಿಗ್ಗೆ ಮೊರದಲ್ಲಿ ಜೋಳ ಹಸನು ಮಾಡುತ್ತ ಕೂರುತ್ತಾಳೆ, ಆ ವಾರ ಬರೆದದ್ದನ್ನು ನಾನು ಓದಿ ಹೇಳುತ್ತೇನೆ. ಮೊದಲ ಪುಸ್ತಕ ಓದುವಾಗ ಅವಳು ತಲೆ ಎತ್ತದೆ ಕೇಳಿದಳು.

"ಎಡಗೈಲೆ ಉಣ್ಣಬ್ಯಾಡ ಅಂತ ಹೇಳೋರು ಯಾರೂ ಇಲ್ಲೇನು ಅವಂಗ?"

"ಅವರವ್ವ ಹೇಳ್ಯಾಳ" ಎಂದೆ.

"ಕೇಳಂಗಿಲ್ಲ ಅವ" ಎಂದು ಮೊರ ಕೇರಿದಳು. ಅಷ್ಟೇ.

ಎರಡನೇ ಪುಸ್ತಕದಲ್ಲಿ ದಂಗೆ ಗೆದ್ದು ಹುಡುಗ ಮನೆಗೆ ಬರುತ್ತಾನೆ. ಅವರವ್ವ ಏನು ಅಡುಗೆ ಮಾಡಿದಳು ಎಂದು ಅವ್ವ ಕೇಳಿದಳು. ನಾನು ಅದನ್ನು ಬರೆದಿರಲಿಲ್ಲ. "ಅಷ್ಟು ದೂರದಿಂದ ಬಂದ ಮಗಗ ಏನು ಮಾಡಿ ಹಾಕಿದ್ಲು ಅಂತ ಬರೀದಿದ್ರ ಅದೆಂಥಾ ಪುಸ್ತಕಲೇ?" ಎಂದು ರೇಗಿದಳು. ಆಮೇಲೆ ಅವಳೇ ಹೇಳಿದಳು, ನಾನು ಬರೆದುಕೊಂಡೆ: ಬಿಸಿ ರೊಟ್ಟಿ, ಎಣ್ಣೆಗಾಯಿ, ಕೆನೆ ಮೊಸರು, ಪಕ್ಕದಲ್ಲಿ ಬೆಲ್ಲದ ಉಂಡೆ. ನನ್ನ ಕ್ಲಾಸಿನ ಮಕ್ಕಳಿಗೆ ಯುದ್ಧಕ್ಕಿಂತ ಆ ಪುಟ ಹೆಚ್ಚು ಹಿಡಿಸಿತು. ಮೂರನೆಯದರಲ್ಲಿ ಹುಡುಗ ಮದುವೆಯಾದ, ಊರಿನ ಹಿರಿಯನಾದ, ಗೆದ್ದವರು ಹಾಕಿದ ಹೊಸ ಕಂದಾಯದ ವಿರುದ್ಧ ಮತ್ತೆ ತಕರಾರು ತೆಗೆದ.

ಹೋದ ವರ್ಷ ನಾಲ್ಕನೆಯದನ್ನು ಶುರು ಮಾಡಿದೆ. ಮೊದಲ ಅಧ್ಯಾಯ ಓದುತ್ತಿದ್ದ ಹಾಗೆಯೇ ಅವ್ವ ಮೊರವನ್ನು ಪಕ್ಕಕ್ಕೆ ಸರಿಸಿದಳು.

"ಲೇ, ಈ ಸಲ ಅವನ್ನ ಸಾಯಿಸಿಬಿಡು."

ಮಕ್ಕಳ ಪುಸ್ತಕ ಅವ್ವ, ಹಾಗೆಲ್ಲ ಮಾಡಬಾರದು ಎಂದೇನೋ ಗೊಣಗಿದೆ.

"ಎಷ್ಟು ದಿನ ಅಂತ ಬದುಕಿಸ್ಕೋತ ಕುಂದರ್ತೀ? ನಂಗೂ ವಯಸ್ಸಾತು. ನಾ ಹೋದ ಮ್ಯಾಲೆ ಅವಂಗ ಅಳೋರು ಯಾರು ಅದಾರ? ನಿಂಗರ ಹಾಡ್ಯಾಡಿ ಅಳಾಕ ಬರಂಗಿಲ್ಲ."

ನಿಜ, ನನಗೆ ಬರುವುದಿಲ್ಲ. ಎದ್ದು ಅಡುಗೆಮನೆಗೆ ಹೋಗಿ ಪಾತ್ರೆಗಳ ಮೇಲೆ ಸಿಟ್ಟು ತೀರಿಸಿಕೊಂಡೆ. ಅವ್ವನ ಮೇಲೆ ನನಗೆ ಅಷ್ಟು ಸಿಟ್ಟು ಎಂದೂ ಬಂದಿರಲಿಲ್ಲ. ಅವಳು ಕಾಯುತ್ತಿರುವವರೆಗೆ ನನಗೂ ಒಬ್ಬ ಅಣ್ಣ ಇದ್ದ. ಅವಳು ಬಿಟ್ಟುಕೊಟ್ಟರೆ ನಾನೊಬ್ಬಳೇ ಅವನನ್ನು ಹೇಗೆ ಉಳಿಸಿಕೊಳ್ಳಲಿ?

ಕ್ಲಾಸಿನಲ್ಲಿ ಸುಮ್ಮನೆ ಕೇಳಿ ನೋಡಿದೆ, ನಾಲ್ಕನೇ ಪುಸ್ತಕದಲ್ಲಿ ಹುಡುಗ ಸತ್ತರೆ ಹೇಗೆ ಎಂದು. ಗದ್ದಲವೋ ಗದ್ದಲ. "ಗೆದ್ದ ಮ್ಯಾಲೂ ಸಾಯ್ತಾನಂದ್ರ ಗೆದ್ದು ಏನು ಬಂತ್ರಿ ಮಿಸ್?" ಎಂದು ಒಬ್ಬ ಎದ್ದೇ ನಿಂತ. ಮಕ್ಕಳ ಪುಸ್ತಕದಲ್ಲಿ ಅವನು ಬದುಕಿರಲಿ ಎಂದು ಅವತ್ತೇ ತೀರ್ಮಾನಿಸಿದೆ. ಅವ್ವನಿಗೆ ಬೇರೆಯದೇ ಒಂದು ಅಧ್ಯಾಯ ಬರೆಯಬೇಕು, ಅದು ಅಚ್ಚಿಗೆ ಹೋಗುವುದು ಬೇಡ.

ಬೇಸಿಗೆ ರಜೆಯಲ್ಲಿ ಬರೆಯಲು ಕೂತೆ. ಮೊದಲು ಹೊಳೆಗೆ ಅದರ ನೀರನ್ನು ತಿರುಗಿ ಕೊಡಬೇಕಿತ್ತು. ಈ ಅಧ್ಯಾಯದಲ್ಲಿ ಹೊಳೆ ಇಳಿಯುವುದಿಲ್ಲ. ಹುಡುಗ ದಂಡೆಯ ಮೇಲೆ ಕಾಯುತ್ತಾನೆ. ಸಿಪಾಯಿಗಳು ಬರುತ್ತಾರೆ. ಗುಂಡು ತಗುಲಿ ಬೀಳುತ್ತಾನೆ. ಇಷ್ಟನ್ನು ಬರೆದು ಓದಿ ಹೇಳಿದೆ.

ಅವ್ವ ಅಳಲಿಲ್ಲ. "ಆಮ್ಯಾಲೆ?" ಎಂದಳು.

"ಆಮ್ಯಾಲೆ ಏನು? ಸತ್ತ."

"ಕುಂದರಿಸಿದ್ರೋ, ಹಂಗ ಮಲಗಿಸಿಬಿಟ್ರೋ?"

ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಹಣೆಗೆ ವಿಭೂತಿ ಹಚ್ಚಿ ಗೋಡೆಗೆ ಒರಗಿಸಿ ಕೂರಿಸುತ್ತಾರೆ, ಕೂತ ಹಾಗೆಯೇ ಮಣ್ಣು ಕೊಡುತ್ತಾರೆ. ನಮ್ಮವನಲ್ಲ ಎಂದು ಬಿಟ್ಟುಬಂದ ಹೆಣವನ್ನು ಯಾರು ಕೂರಿಸುತ್ತಾರೆ? ಅಪ್ಪನನ್ನು ಕೇಳಬೇಕೆಂದು ಇಷ್ಟು ವರ್ಷ ಅವಳ ನಾಲಿಗೆಯ ತುದಿಗೆ ಬಂದು ನಿಲ್ಲುತ್ತಿದ್ದ ಮಾತು ಅದೇ ಎಂದು ಆಗ ಗೊತ್ತಾಯಿತು. ಎಲ್ಲವೂ ಅವಳಿಗೆ ಮೊದಲಿನಿಂದ ಗೊತ್ತಿತ್ತು. ಗೊತ್ತಿಲ್ಲದ್ದು ಇದೊಂದೇ.

ಮತ್ತೆ ಬರೆಯಲು ಕೂತೆ. ಬರೆದು ಹರಿದೆ, ಮತ್ತೆ ಬರೆದೆ. ಕೊನೆಗೆ ಹೀಗಾಯಿತು. ಸಿಪಾಯಿಗಳು ಸುತ್ತಲಿನ ಊರಿನವರನ್ನು ಸಾಲಾಗಿ ನಿಲ್ಲಿಸಿ, ಇವನು ಯಾರ ಮಗ ಎಂದು ಕೇಳುತ್ತಾರೆ. ನನ್ನ ಮಗ ಎಂದವನ ಮನೆಗೆ ಉಳಿಗಾಲವಿಲ್ಲ, ಎಲ್ಲರಿಗೂ ಅದು ಗೊತ್ತು. ಎಲ್ಲರೂ ತಲೆ ತಗ್ಗಿಸುತ್ತಾರೆ. ಒಬ್ಬ ಮುಂದೆ ಬರುತ್ತಾನೆ, ಹೆಗಲ ಮೇಲೆ ಹಗ್ಗದ ಸುರುಳಿ. ಅವನ ಹಿಂದೆ ಮನೆಯಲ್ಲಿ ಹೆಂಡತಿ ಇದ್ದಾಳೆ, ಇನ್ನೂ ಶಾಲೆಗೆ ಹೋಗುವ ಮಗಳಿದ್ದಾಳೆ. ಆದರೂ ಬರುತ್ತಾನೆ. ಹೆಣದ ಮುಂದೆ ಮಂಡಿಯೂರಿ, "ಇವ ನಮ್ಮ ಹುಡುಗ" ಅನ್ನುತ್ತಾನೆ. ಆಮೇಲೆ ಮಗನನ್ನು ಎತ್ತಿ ಕೂರಿಸುತ್ತಾನೆ.

ಅಪ್ಪ ಯಾಕೆ ಹಾಗೆ ಹೇಳಲಿಲ್ಲ ಎಂಬುದು, ಅದನ್ನು ಬರೆದ ಮೇಲೆ ನನಗೆ ತಿಳಿಯಿತು. ಜೀಪಿನಲ್ಲಿ ಕೂತು ಹೋಗುವಾಗ ಅವನು ನನ್ನನ್ನು ನೆನೆಸಿಕೊಂಡಿರಬೇಕು. ಅಪ್ಪನಿಗಾಗಿ ಅವತ್ತು ಒಬ್ಬಳೇ ಅತ್ತೆ, ಬಾಯಿಗೆ ಸೆರಗು ತುರುಕಿಕೊಂಡು.

ಭಾನುವಾರ ಬೆಳಿಗ್ಗೆ ಓದಿದೆ. 'ಇವ ನಮ್ಮ ಹುಡುಗ' ಎಂಬಲ್ಲಿಗೆ ಬಂದಾಗ ಅವ್ವ ಕೈ ಎತ್ತಿ ನನ್ನನ್ನು ನಿಲ್ಲಿಸಿದಳು. ತುರುಬು ಬಿಚ್ಚಿದಳು. ಗೋಡೆಯ ಕಡೆ ತಿರುಗಿ, ಅಲ್ಲಿ ಯಾರೋ ಕೂತಿರುವ ಹಾಗೆ ನೋಡಿ, ರಾಗ ತೆಗೆದಳು.

"ಕೂಡ್ಲಿಗಿ ಬಸ್ಸು ತಪ್ಪಬಾರದಿತ್ತೇನೋ ನನ್ನಪ್ಪಾ... ಹೊಳ್ಳಿ ಮನಿಗೆ ಬರಬಾರದಿತ್ತೇನೋ..."

ಅವಳ ಹಾಡಿನಲ್ಲಿ ಬಸ್ಸು ತಪ್ಪಿತು. ಅಣ್ಣ ಬೈದುಕೊಳ್ಳುತ್ತ ಮನೆಗೆ ಬಂದ. ಡಿಗ್ರಿ ಮುಗಿಸಿದ. ಅಂಗಡಿಯಲ್ಲಿ ಕೂತು ಹಮಾಲನ ಕೂಲಿ ಹೆಚ್ಚಿಸಿದ, ಅಪ್ಪನ ಜೊತೆ ವಾರಗಟ್ಟಲೆ ಮಾತು ಬಿಟ್ಟ. ಹಡಗಲಿಯಿಂದ ಹೆಣ್ಣು ತಂದೆವು. ಅವಳಿಗೂ ಅವನಿಗೂ ಎಡಗೈ ಊಟಕ್ಕೆ ಜಗಳ. ಹಿರಿಯದು ಗಂಡು, ಎರಡನೆಯದು ಹೆಣ್ಣು, ಥೇಟ್ ಅತ್ತೆಯ ಹಾಗೆ ಸಿಡುಕಿ. ಅತ್ತೆ ಅಂದರೆ ನಾನು. ಅವನ ಕೂದಲು ನೆರೆಯಿತು, ಕನ್ನಡಕ ಬಂತು. ಎಲ್ಲವನ್ನೂ ಅವ್ವ ಒಂದೊಂದಾಗಿ ಹಾಡಿದಳು. ಇಷ್ಟನ್ನೂ ಅವಳು ಯಾವಾಗ ಕಟ್ಟಿಟ್ಟಿದ್ದಳೋ. ನಾನು ಬರೆದದ್ದೆಲ್ಲ ಅದರ ಮುಂದೆ ಸಪ್ಪೆ.

ಓಣಿಯ ಹೆಂಗಸರು ಕೆಲಸ ಬಿಟ್ಟು ಓಡಿಬಂದರು. ಬಾಗಿಲಲ್ಲಿ ನಿಂತು ಮುಖ ಮುಖ ನೋಡಿಕೊಂಡರು. ಎದುರು ಮನೆಯ ಮುದುಕಿ, ಅವ್ವನ ಓರಗೆಯವಳು, ಒಳಗೆ ಬಂದು ಅವ್ವನ ಭುಜ ಹಿಡಿದಳು.

"ಯಾರು ಹೋದ್ರಬೇ?"

"ನನ್ನ ಮಗ."

"ಯಾವಾಗ?"

"ಈಗ" ಎಂದಳು ಅವ್ವ.

ಹೆಣ ಎಲ್ಲಿ ಎಂದು ಯಾರೂ ಕೇಳಲಿಲ್ಲ. ಮುದುಕಿ ಅವ್ವನ ಪಕ್ಕದಲ್ಲಿ ಕೂತು, ಅವ್ವನ ದನಿ ಒಡೆದ ಕಡೆಯಿಂದ ತಾನು ಎತ್ತಿಕೊಂಡಳು. ಉಳಿದವರು ಸುತ್ತ ಕೂತರು. ಯಾರೋ ನಮ್ಮ ಒಲೆ ಆರಿಸಿದರು, ಯಾರೋ ತಮ್ಮ ಮನೆಯಲ್ಲಿ ನಮಗೂ ಸೇರಿಸಿ ರೊಟ್ಟಿ ತಟ್ಟಲು ಹೇಳಿಕಳಿಸಿದರು. ನಾನು ಹಾಳೆಗಳನ್ನು ಹಿಡಿದುಕೊಂಡು ನಿಂತೇ ಇದ್ದೆ. ಮುದುಕಿ ಹಾಡು ನಿಲ್ಲಿಸಿ ನನ್ನ ಸೀರೆಯ ನಿರಿಗೆ ಜಗ್ಗಿದಳು.

"ನಿಂತು ಏನು ನೋಡ್ತೀ ಯವ್ವಾ? ನಿಮ್ಮಣ್ಣ ತೀರ್ಕೊಂಡಾನ. ಕುಂದ್ರು."

ನಾನು ಕೂತೆ.