ಗಟ್ಟಿ ಪಾಟಾದ ಗಾಡಿ

ನನಗಾಗ ಅರವತ್ತೆರಡು, ಆರು ವರ್ಷದ ಹಿಂದಿನ ಮಾತು. ಹತ್ತಿ ಹೇರಿದರೆ ನಮ್ಮ ಹಳೆಯ ಪಿಕಪ್ಪಿನ ಹಿಂಭಾಗ ಕುಸಿಯುತ್ತಿತ್ತು. ಮಗ ಶಹಾಪುರಕ್ಕೆ ಒಯ್ದು ಹಿಂದಿನ ಗಾಲಿಗಳಿಗೆ ಹೆಚ್ಚು ಪಟ್ಟಿಗಳಿರುವ ಗಟ್ಟಿ ಪಾಟಾ, ಅಂದರೆ ಸ್ಪ್ರಿಂಗು, ಹಾಕಿಸಿದ. ಹತ್ತಿಗೇನೋ ಅದು ಬಗ್ಗಲಿಲ್ಲ. ಆದರೆ ಹತ್ತಿ ಬಿಡಿಸುವ ಹೆಂಗಸರನ್ನು ಹಿಂದೆ ಕೂರಿಸಿ ಹೊಲಕ್ಕೆ ಕರೆತಂದಾಗ ಅವರ ಭಾರ ಅದನ್ನು ಬಗ್ಗಿಸಲು ಸಾಲಲಿಲ್ಲ. ಕುಣಿ ಬಂದಲ್ಲೆಲ್ಲ ಅವರನ್ನು ಎತ್ತಿ ಒಗೆಯಿತು.

ಹೊಲದಲ್ಲಿ ಇಳಿದು ಒಬ್ಬಳು ಸೊಂಟ ಹಿಡಿದುಕೊಂಡಳು.

“ಯವ್ವಾ, ನಿನ್ನ ಮಗ ನಮ್ಮನ್ನೇನು ಜ್ವಾಳ ಅಂತ ತಿಳದಾನೇನ? ಮೊರದಾಗ ಹಾಕಿ ಕೇರಿದಂಗಾತು. ನಾಳಿ ನಾವು ಬರಂಗಿಲ್ಲ.”

“ಹೊಸಾ ಪಾಟಾ ಅದ, ಆಮ್ಯಾಲ ಮೆತ್ತಗಾಗ್ತದ,” ಎಂದ ಮಗ.

“ಅಲ್ಲೀತನಕ ಇವರ ನಡಾ ಉಳಿತಾವೇನಲೇ?” ಎಂದೆ.

ಅವರು ಬಾರದಿದ್ದರೆ ಹತ್ತಿ ಗಿಡದಲ್ಲೇ ಹಾಳಾಗುತ್ತಿತ್ತು. ಮರುದಿನ ಬೆಳಿಗ್ಗೆ ಪಾಟಾ ಭಾರಕ್ಕೆ ಬಗ್ಗಲೆಂದು ಮಗನ ಕೈಲೇ ಗಾಡಿಗೆ ಉಸುಕಿನ ಚೀಲ ಹೇರಿಸಿ ಅವರ ಓಣಿಗೆ ಹೋದೆ. ಬರುವಾಗ ಗಾಡಿಯ ಹಿಂದೆ, ಅವರ ಜೊತೆಯೇ ಕೂತೆ.