ಕೊನೆಯ ಪ್ರಶ್ನೆಗೆ ಕೊಟ್ಟ ಉತ್ತರ

ಇಲ್ಲ, ಆ ಚಿಮಣಿ ಅಲ್ಲಿ ಇದ್ದಿರಲು ಸಾಧ್ಯವಿಲ್ಲ. ನಂದಿಕೂರಿನ ವಿದ್ಯುತ್ ಸ್ಥಾವರದ ಚಿಮಣಿ ಎದ್ದು ನಿಂತದ್ದು ಮೊನ್ನೆ ಮೊನ್ನೆ. ನಾನು ಹೇಳಹೊರಟ ಸಂಜೆ ತೊಂಬತ್ತರ ದಶಕದ ಕೊನೆಯದ್ದು. ಆದರೂ ಕಾಪುವಿನ ದೀಪಸ್ತಂಭದ ಬಂಡೆಯ ಕೆಳಗೆ ವಿಮರ್ಶಕ ನೇಮಿರಾಜರು ನನ್ನೆದುರು ಕೂತು ಸಂದರ್ಶನ ಮಾಡುತ್ತಿರುವುದನ್ನು ನೆನಪು ಮಾಡಿಕೊಂಡಾಗಲೆಲ್ಲ ಅವರ ಎಡಗಿವಿಯ ಹಿಂದೆ ದೂರದಲ್ಲಿ ಆ ಚಿಮಣಿ ನಿಂತಿರುತ್ತದೆ, ಸಣ್ಣಗೆ ಹೊಗೆಯನ್ನೂ ಬಿಡುತ್ತದೆ. ಅಷ್ಟು ದೊಡ್ಡ ಚಿಮಣಿಯನ್ನೇ ಹತ್ತು ವರ್ಷ ಹಿಂದಕ್ಕೆ ಹೊತ್ತುಕೊಂಡು ಹೋಗಬಲ್ಲ ನೆನಪಿಗೆ ಒಂದೆರಡು ವಾಕ್ಯಗಳನ್ನು ಒಬ್ಬರ ಬಾಯಿಂದ ಇನ್ನೊಬ್ಬರ ಬಾಯಿಗೆ ದಾಟಿಸುವುದು ಎಷ್ಟರ ಕೆಲಸ? ಆದ್ದರಿಂದ ಮುಂದೆ ಹೇಳುವುದನ್ನು ನೀವು ಸ್ವಲ್ಪ ಅನುಮಾನ ಇಟ್ಟುಕೊಂಡೇ ಓದಬೇಕು. ನಾನು ಬರೆಯುತ್ತಿರುವುದೂ ಹಾಗೆಯೇ.

ಅನುಮಾನ ನನಗೆ ಉದ್ಯೋಗದಿಂದ ಬಂದದ್ದು. ಮಣಿಪಾಲದ ಒಂದು ಆಸ್ಪತ್ರೆಯ ದಾಖಲೆ ವಿಭಾಗದಲ್ಲಿ ನಾನು ಬಹಳ ಕಾಲ ಕೆಲಸ ಮಾಡಿದೆ. ರೋಗಿ ತನ್ನ ಕಥೆಯನ್ನು ಹೇಳುವ ರೀತಿ ಒಂದು, ವೈದ್ಯರು ಅದನ್ನು ಬರೆದುಕೊಳ್ಳುವ ರೀತಿ ಇನ್ನೊಂದು. ಕಟ್ಟಡದ ಕೆಲಸಕ್ಕೆಂದು ಬಾಗಲಕೋಟೆ ಕಡೆಯಿಂದ ಬಂದಿದ್ದ ಒಬ್ಬರನ್ನು ವೈದ್ಯರು, ಹೊಟ್ಟೆನೋವು ಯಾವಾಗಿನಿಂದ ಎಂದು ಕೇಳಿದರು. "ನಮ್ಮ ಎಮ್ಮಿ ಈದಾಗಿಂದ್ರೀ ಸಾಹೇಬ್ರ. ಗಿಣ್ಣ ಒಲ್ಲೆ ಅಂದ್ರೂ ನಮ್ಮಾಕಿ ತಿನ್ನಿಸಿದ್ಳರೀ" ಎಂದರು ಅವರು. ಕಡತದಲ್ಲಿ ಉಳಿದದ್ದು 'ಮೂರು ತಿಂಗಳಿಂದ ಹೊಟ್ಟೆನೋವು' ಅಂತ ಮಾತ್ರ. ಎಮ್ಮೆ ಇಲ್ಲ, ಗಿಣ್ಣ ಇಲ್ಲ, ಹೆಂಡತಿಯೂ ಇಲ್ಲ. ಸುಳ್ಳೇನೂ ಅಲ್ಲ, ಚೊಕ್ಕವಾಗಿದೆ ಅಷ್ಟೆ. ಚೊಕ್ಕವಾದ ನೆನಪು ಕಂಡರೆ ನನಗೆ ಆಗ ಹುಟ್ಟಿದ ಸಂಶಯ ಇವತ್ತಿಗೂ ಹೋಗಿಲ್ಲ.

ಆ ಸಂಶಯದಿಂದಲೇ ನನ್ನ ಮೊದಲ ಪುಸ್ತಕ ಹುಟ್ಟಿತು. ಅದರ ಕಥೆಗಳಲ್ಲಿ ಕೊನೆ ಮೊದಲು ಬರುತ್ತಿತ್ತು. ಕೆಲವು ಕಡೆ ಆರಂಭವೇ ಇರುತ್ತಿರಲಿಲ್ಲ. ಒಂದು ಕಥೆಯನ್ನು ಪೂರ್ಣವಿರಾಮವಿಲ್ಲದೆ ಬರೆದು, ಅದೊಂದು ದೊಡ್ಡ ಸಾಹಸ ಎಂದುಕೊಂಡಿದ್ದೆ. ಪದ್ಧತಿಯಂತೆ ಪತ್ರಿಕೆಗಳಿಗೆ ಎರಡೆರಡು ಪ್ರತಿ ಕಳಿಸಿ ಆದಿತ್ಯವಾರಗಳನ್ನು ಕಾದೆ. ಬಂದದ್ದು 'ಸಾದರ ಸ್ವೀಕಾರ'. ಕನ್ನಡದಲ್ಲಿ ಪುಸ್ತಕ ಬರೆದವರಿಗೆ ಈ ಎರಡು ಪದಗಳ ರುಚಿ ಗೊತ್ತಿರುತ್ತದೆ. ಪುಸ್ತಕದ ಹೆಸರು, ಪುಟ, ಬೆಲೆ, ಪ್ರಕಾಶಕರ ವಿಳಾಸ ಹಾಕಿ ಕೈತೊಳೆದುಕೊಳ್ಳುವ ಅಂಕಣ ಅದು. ಮನೆಗೆ ಬಂದವರನ್ನು ಜಗಲಿಯಲ್ಲೇ ಕೂರಿಸಿ, ನೀರು ಬೆಲ್ಲ ಕೊಟ್ಟು, ಒಳಗೆ ಕರೆಯದೆ ಕಳಿಸಿದ ಹಾಗೆ. ಬೈದಿದ್ದರೂ ಬೇಕಿತ್ತು. ಮುಖಪುಟ ಆಕರ್ಷಕವಾಗಿದೆ, ಅಚ್ಚಿನ ತಪ್ಪುಗಳನ್ನು ನಿವಾರಿಸಬಹುದಿತ್ತು ಎಂಬ ಸಾಲಾದರೂ ಸಾಕಿತ್ತು.

ಬರೆಯುವುದು ಇನ್ನು ಸಾಕು ಎಂದು ನಾನು ತೀರ್ಮಾನಿಸಿದ್ದು ಆಗ. ಸಿಟ್ಟಿನಿಂದಲ್ಲ. ಸಿಟ್ಟಾಗಿದ್ದರೆ ಇಳಿಯುತ್ತಿತ್ತು. ಇದು, ಹಾಡುತ್ತಿರುವಾಗ ಎದುರು ಯಾರೂ ಇಲ್ಲವೆಂದು ಕಂಡು ದನಿ ತಾನಾಗಿ ಇಳಿಯುತ್ತದಲ್ಲ, ಅಂಥದ್ದು.

ಹಾಗಿರುವಾಗ, ಎಲ್ಲರೂ ಮರೆತ ಮೇಲೆ, ನೇಮಿರಾಜರ ವಿಮರ್ಶೆ ಬಂತು. ಅವರು ಕಾರ್ಕಳದವರು. ಮನೆ ಕುಕ್ಕುಂದೂರಿನಲ್ಲಿ, ಪೇಟೆಯಲ್ಲಿ ಪಂಪ್‌ಸೆಟ್ಟಿನ ಅಂಗಡಿ. ಬಿಲ್ಲು ಪುಸ್ತಕದ ಹಾಳೆಗಳ ಬೆನ್ನಿಗೆ ವಿಮರ್ಶೆ ಬರೆದು ಆದಿತ್ಯವಾರದ ಪುರವಣಿಗೆ ಕಳಿಸುತ್ತಿದ್ದರು. ಓದುವುದರಲ್ಲಿ ಅವರನ್ನು ಮೀರಿಸುವವರು ನಮ್ಮ ಕಡೆ ಕಡಿಮೆ, ಹೊಗಳುವುದರಲ್ಲಿ ಅವರಿಗಿಂತ ಜಿಪುಣರು ಇಲ್ಲವೇ ಇಲ್ಲ. ನನ್ನ ಪುಸ್ತಕದ ಬಗ್ಗೆ, 'ಪೂರ್ಣವಿರಾಮ ತೆಗೆದದ್ದರಿಂದ ಓದುಗನಿಗೆ ಉಸಿರು ಕಟ್ಟುತ್ತದೆ, ಬೇರೆ ಲಾಭ ಕಾಣಲಿಲ್ಲ' ಎಂದಿದ್ದರು. ಆದರೆ ಪ್ರತಿಯೊಂದು ಕಥೆಯನ್ನೂ ಓದಿದ್ದರು. ಐದನೆಯ ಕಥೆಯ ಅಜ್ಜಿ ಎರಡು ಕಡೆ ಬೇರೆ ಬೇರೆ ಕಾಲು ಕುಂಟುತ್ತಾಳೆ, ಇದು ತಂತ್ರವೋ ಮರೆವೋ ಎಂದು ಕೇಳಿದ್ದರು. ಮರೆವು. ಆದರೂ ಆ ಸಾಲು ಓದಿ ನನಗೆ ಕಣ್ಣು ತುಂಬಿತು. ನನ್ನ ಅಜ್ಜಿಯ ಕಾಲನ್ನು ಅಷ್ಟು ಗಮನಿಸಿ ನೋಡಿದವರು ಒಬ್ಬರಿದ್ದರಲ್ಲ.

ಆಮೇಲೆ ಅವರದೇ ಫೋನು. ಕರಾವಳಿಯ ಹೊಸ ಲೇಖಕರ ಸಂದರ್ಶನ ಮಾಡುತ್ತಿದ್ದೇನೆ, ಬರುತ್ತೀರಾ ಎಂದರು. ನಾನು ಉಡುಪಿಯ ಬನ್ನಂಜೆಯಲ್ಲಿರುವ ನಮ್ಮ ಮನೆಗೇ ಬನ್ನಿ ಎಂದೆ.

"ಬೇಡ. ಮನೆಯಲ್ಲಿ ತಿಂಡಿ ಕೊಡುತ್ತೀರಿ. ತಿಂದ ಮೇಲೆ ವಿಮರ್ಶೆ ಮೆತ್ತಗಾಗುತ್ತದೆ. ಕಾಪುವಿಗೆ ಬನ್ನಿ. ಅಲ್ಲಿ ಕಡಲು ಬಿಟ್ಟರೆ ಎಂತದೂ ಇಲ್ಲ."

ಒಪ್ಪಿಕೊಂಡೆ. ಒಪ್ಪಿದ್ದಕ್ಕೆ ಕಾರಣವಿತ್ತು. ಸಂದರ್ಶನಕಾರರು ಕೊನೆಗೆ ತಪ್ಪದೆ ಕೇಳುವ ಪ್ರಶ್ನೆ, ಈಗ ಏನು ಬರೆಯುತ್ತಿದ್ದೀರಿ ಎಂಬುದು. ಆ ಪ್ರಶ್ನೆಗೆ, ಏನೂ ಇಲ್ಲ, ಇನ್ನು ಬರೆಯುವುದೂ ಇಲ್ಲ ಎಂದು ನಾಲ್ಕು ಜನ ಓದುವ ಹಾಗೆ ಹೇಳಿಬಿಡಬೇಕು ಅನ್ನಿಸಿತ್ತು. ಬರೆಯಲು ಶುರು ಮಾಡಿದ್ದು ಯಾರಿಗೂ ಗೊತ್ತಾಗಿರಲಿಲ್ಲ. ನಿಲ್ಲಿಸುವುದಾದರೂ ಅಚ್ಚಾಗಲಿ ಎಂಬ ಆಸೆ.

ನಾನು ಉಡುಪಿಯಿಂದ, ಅವರು ಬೆಳ್ಮಣ್ಣು ದಾರಿಯಾಗಿ, ಬೇರೆ ಬೇರೆ ಬಸ್ಸಿನಲ್ಲಿ ಬಂದು ಸೇರಿದೆವು. ಅವರು ಕಡಲಿಗೆ ಮುಖ ಮಾಡಿ ಕೂತರು. ನನಗೆ ಉಳಿದದ್ದು ಕಡಲಿಗೆ ಬೆನ್ನು ಹಾಕುವ ಜಾಗ. ಸೂರ್ಯಾಸ್ತ ನೋಡುವ ಆಸೆಯೇನೋ ಎಂದುಕೊಂಡೆ. ಸಂಗತಿ ಬೇರೆ. ಜೈನರಾದ ಅವರು ಸೂರ್ಯ ಮುಳುಗಿದ ಮೇಲೆ ಏನನ್ನೂ ತಿನ್ನುತ್ತಿರಲಿಲ್ಲ. ಮನೆಗೆ ಮುಟ್ಟುವಾಗ ಕತ್ತಲಾಗುವುದರಿಂದ ಸ್ಟೀಲ್ ಡಬ್ಬಿಯಲ್ಲಿ ಒತ್ತುಶಾವಿಗೆ ತಂದಿದ್ದರು. ನನ್ನ ಮಾತು ಕೇಳುತ್ತ ಕೇಳುತ್ತ ನನ್ನ ತಲೆಯ ಮೇಲಿಂದ ಸೂರ್ಯನನ್ನು ಅಳೆಯುತ್ತಿದ್ದರು. ನಾನು ತಂತ್ರದ ಬಗ್ಗೆ, ಕಾಲದ ಬಗ್ಗೆ, ನೆನಪಿನ ಬಗ್ಗೆ ಉದ್ದಕ್ಕೆ ಹೇಳುತ್ತಿದ್ದೆ. ಸೂರ್ಯ ಇಳಿಯುತ್ತಿದ್ದ. ಅವರು ಪೆನ್ನಿಗೆ ಮುಚ್ಚಳ ಹಾಕಿ, "ಕೊನೆಯ ಪ್ರಶ್ನೆ. ಈಗ ಎಂತ ಬರೆಯುತ್ತಾ ಇದ್ದೀರಿ?" ಎಂದು ಕೇಳಿ ಡಬ್ಬಿ ತೆರೆದರು.

ಆಮೇಲೆ ಅವರು ಮಾತಾಡಲಿಲ್ಲ. ಉಣ್ಣುವಾಗ ಮೌನ ಅವರ ವ್ರತ. ಹೂಂ ಇಲ್ಲ, ಉಹೂಂ ಇಲ್ಲ, ತಲೆಯೂ ಅಲ್ಲಾಡುವುದಿಲ್ಲ. ಹಾಗೆ ಸುಮ್ಮನೆ ಕೂತು ಜಗಿಯುವವರ ಎದುರು ನೀವು ಮಾತಾಡಿ ನೋಡಿದ್ದೀರಾ? ಒಂದು ವಾಕ್ಯ ಹೇಳಿ ನಿಲ್ಲಿಸಲಾಗುವುದಿಲ್ಲ. ಎದುರಿನಿಂದ ಏನೂ ಬಾರದಿದ್ದಾಗ ಮುಂದಿನದ್ದು ತಾನಾಗಿ ಬರುತ್ತದೆ, ಅದರ ಹಿಂದೆ ಮತ್ತೊಂದು. ಇನ್ನು ಬರೆಯುವುದಿಲ್ಲ ಎಂದು ನಾನು ಹೇಳಿದ್ದು ಖಂಡಿತ. ಅದರ ನಂತರವೂ ಮಾತಾಡಿದೆ. ಏನು ಮಾತಾಡಿದೆ ಎಂಬ ಜಾಗದಲ್ಲಿ ನನ್ನ ನೆನಪಿನಲ್ಲಿ ಶಾವಿಗೆಯ ಬಿಳಿ ಇದೆ, ಗಾಳಿ ಇದೆ, ಆ ಸುಳ್ಳು ಚಿಮಣಿ ಇದೆ. ನೀರಿನ ಅಂಚಿನಲ್ಲಿ ಸೆರಗು ಹಿಡಿದು ಕಡಲಿನ ಕಡೆ ನೋಡುತ್ತ ನಿಂತಿದ್ದ ಮೂವರು ಹೆಂಗಸರೂ ಇದ್ದಾರೆ. ಆದರೆ ನಾನು ಕಡಲಿಗೆ ಬೆನ್ನು ಹಾಕಿದ್ದೆ. ನೀರಿನ ಅಂಚು ನನಗೆ ಹೇಗೆ ಕಂಡಿತು?

ಡಬ್ಬಿ ಮುಚ್ಚಿದರು, ಸೂರ್ಯ ಮುಳುಗಿದ, ಬಸ್ಸು ಬಂತು. ಮುಂದಿನ ಆದಿತ್ಯವಾರ ಸಂದರ್ಶನವೂ ಬಂತು. ಕೊನೆಯ ಪ್ರಶ್ನೆಗೆ ನನ್ನ ಉತ್ತರ ಹೀಗಿತ್ತು: 'ಕಾದಂಬರಿಯೊಂದನ್ನು ಬರೆಯುತ್ತಿದ್ದೇನೆ. ಸಂಜೆ ದೀಪಸ್ತಂಭದ ದೀಪ ಹೊತ್ತುವ ಮೊದಲು ದಡಕ್ಕೆ ಬರಬೇಕಾದ ದೋಣಿಯೊಂದನ್ನು ಮೂವರು ಹೆಂಗಸರು ಕಾಯುತ್ತಾರೆ. ದೋಣಿ ಬಂತೇ, ಬರಲಿಲ್ಲವೇ ಎಂಬುದನ್ನು ಮೂವರೂ ಬೇರೆ ಬೇರೆಯಾಗಿ ಹೇಳುತ್ತಾರೆ.'

ನಾನು ಪತ್ರಿಕೆಯನ್ನು ಮಡಚಿಟ್ಟು ಮತ್ತೆ ಬಿಡಿಸಿ ಓದಿದೆ. ನನ್ನ ಗಂಡ ಎದುರು ಕೂತು ಚಹಾ ಕುಡಿಯುತ್ತಿದ್ದ. "ಕಾದಂಬರಿ ಬರೆಯುತ್ತಿದ್ದೀಯಂತೆ. ನನಗೆ ಪೇಪರಿನಲ್ಲಿ ಗೊತ್ತಾಗಬೇಕಾ?" ಎಂದ. ನನಗೂ ಪೇಪರಿನಲ್ಲೇ ಗೊತ್ತಾದದ್ದು ಎಂದೆ. ನಂಬಲಿಲ್ಲ.

ಆಫೀಸಿನಲ್ಲಿ, ನನ್ನ ಮೊದಲ ಪುಸ್ತಕದ ಹೆಸರನ್ನೂ ಕೇಳದಿದ್ದವರು, ದೋಣಿ ಎಲ್ಲಿಗೆ ಬಂತು ಮೇಡಂ ಎಂದು ಕೇಳತೊಡಗಿದರು. ಮಲ್ಪೆಯಿಂದ ನಮ್ಮ ಬೀದಿಗೆ ಮೀನು ತರುವ ಕಲ್ಯಾಣಿಯಕ್ಕನಿಗೆ ಅವಳ ಮಗಳು ಸಂದರ್ಶನ ಓದಿ ಹೇಳಿದ್ದಳಂತೆ. ಅವಳಿಗೆ ಮನೆಯಲ್ಲಿ ಗಂಡನ ದೋಣಿ ಉಂಟು, ಕಾಯುವುದು ಎಂದರೇನೆಂದು ಗೊತ್ತುಂಟು. ಬುಟ್ಟಿ ಇಳಿಸಿ ಸೊಂಟದ ಮೇಲೆ ಕೈಯಿಟ್ಟು ಕೇಳಿದಳು, "ಅದೆಂತ ಅಕ್ಕ, ದೋಣಿ ಬರುವುದಾ ಇಲ್ಲವಾ? ಮೂವರು ಮೂರು ಹೇಳಿದರೆ ಆಯ್ತಾ? ನೀವು ಸರಿ ಮಾಡಿ ಬರೆಯದಿದ್ದರೆ ನಿಮಗೆ ಇನ್ನು ಬಂಗುಡೆ ಇಲ್ಲ."

ಸಾದರ ಸ್ವೀಕಾರವಾದ ಪುಸ್ತಕಕ್ಕೆ ನೇಮಿರಾಜರನ್ನು ಬಿಟ್ಟರೆ ಒಬ್ಬ ಓದುಗರೂ ಇರಲಿಲ್ಲ. ಬರೆಯದ ಪುಸ್ತಕಕ್ಕೆ ಬೀದಿ ತುಂಬ ಇದ್ದರು. ಈ ಗೌರವ ಸುಳ್ಳಿನ ಮೇಲೆ ನಿಂತಿದೆ ಎಂದು ನನಗೆ ಇರುಸುಮುರುಸಾಯಿತು. ಕಾರ್ಕಳದ ಅಂಗಡಿಗೆ ಫೋನು ಮಾಡಿದೆ. ಹಿಂದೆ ಯಾವುದೋ ಪಂಪನ್ನು ಓಡಿಸಿ ನೋಡುತ್ತಿದ್ದ ಸದ್ದು.

"ಸರ್, ಕೊನೆಯ ಪ್ರಶ್ನೆಗೆ ನಾನು ಆ ಉತ್ತರ ಹೇಳಿಲ್ಲ."

"ಹೇಳಿದ್ದೀರಿ. ನಾನು ಊಟ ಮಾಡುವಾಗ."

"ಊಟ ಮಾಡುವಾಗ ನೀವು ಬರೆದುಕೊಳ್ಳಲೇ ಇಲ್ಲ."

"ಇಲ್ಲ. ಆದರೆ ಊಟ ಮಾಡುವುದು ಕಿವಿಯಿಂದ ಅಲ್ಲವಲ್ಲ ಮಾರಾಯ್ರೆ."

"ಇನ್ನು ಬರೆಯುವುದಿಲ್ಲ ಅಂತ ಹೇಳಿದ್ದು ನನಗೆ ಸರಿಯಾಗಿ ನೆನಪುಂಟು."

"ಅದನ್ನೂ ಹೇಳಿದಿರಿ. ಆಮೇಲೆ ಇದನ್ನು ಹೇಳಿದಿರಿ. ನಾನು ಆಮೇಲಿನದ್ದನ್ನು ಹಾಕಿದೆ."

ಪಂಪು ನಿಂತಿತು. ಅವರ ದನಿ ಮೆತ್ತಗಾಯಿತು, ಅಥವಾ ಸದ್ದು ನಿಂತದ್ದರಿಂದ ನನಗೆ ಹಾಗೆ ಕೇಳಿಸಿತು. "ತಿದ್ದುಪಡಿ ಹಾಕಿಸಲಿಕ್ಕೆ ತೊಂದರೆ ಇಲ್ಲ. ಬರುವ ಆದಿತ್ಯವಾರವೇ ಹಾಕಿಸುತ್ತೇನೆ. ನೀವೇ ಹೇಳಿ, ಎಂತ ಬರೆಯಲಿ? ಲೇಖಕಿ ಏನನ್ನೂ ಬರೆಯುತ್ತಿಲ್ಲ, ಮುಂದೆ ಬರೆಯುವುದೂ ಇಲ್ಲ, ಅಂತವಾ?"

ಹೌದು ಎಂದರೆ ಮುಗಿಯುತ್ತಿತ್ತು. ನಾನು ಕಾಪುವಿಗೆ ಹೋದದ್ದೇ ಆ ಸಾಲು ಅಚ್ಚಾಗಲಿ ಎಂದು. ಈಗ ಅದು ಕೇಳದೆಯೇ ಸಿಗುತ್ತಿತ್ತು. ರಿಸೀವರ್ ಹಿಡಿದು ನಿಂತವಳಿಗೆ ಆ ಮೂವರಲ್ಲಿ ಒಬ್ಬಳು ನಡುವೆ ಮನೆಗೆ ಹೋಗಿಬಿಡುತ್ತಾಳೆ, ದೋಣಿ ಬಂತು ಎಂದು ಹೇಳುವವಳೂ ಅವಳೇ, ಎಂದು ಹೊಳೆಯಿತು.

"ಒಂದು ವಾರ ನಿಲ್ಲಿ ಸರ್" ಎಂದೆ.

ಆ ವಾರ ಇನ್ನೂ ಮುಗಿದಿಲ್ಲ. ಕಾದಂಬರಿ ಬಂತು, ಹೊಸ ಶತಮಾನದ ಮೊದಲ ವರ್ಷಗಳಲ್ಲಿ. ಅದರ ಹಿಂದೆ ಬೇರೆ ಪುಸ್ತಕಗಳೂ ಬಂದವು. ಪೂರ್ಣವಿರಾಮಗಳನ್ನು ವಾಪಸು ತಂದೆ, ಬೇರೆ ಚೇಷ್ಟೆಗಳನ್ನು ಬಿಡಲಿಲ್ಲ. ಕಾದಂಬರಿಯನ್ನು ನೇಮಿರಾಜರೇ ವಿಮರ್ಶಿಸಿದರು. ಜಿಪುಣತನ ಕಡಿಮೆಯಾಗಿರಲಿಲ್ಲ. ಕೊನೆಯ ಸಾಲು ಹೀಗಿತ್ತು: 'ಸಂದರ್ಶನದಲ್ಲಿ ಲೇಖಕಿ ಹೇಳಿದ್ದ ಕಾದಂಬರಿ ಇದಕ್ಕಿಂತ ಚೆನ್ನಾಗಿತ್ತು.' ನನಗೂ ಹಾಗೆಯೇ ಅನ್ನಿಸಿದೆ. ಕಲ್ಯಾಣಿಯಕ್ಕ ಬಂಗುಡೆ ನಿಲ್ಲಿಸಲಿಲ್ಲ, ಆದರೆ ದೋಣಿಯ ವಿಷಯದಲ್ಲಿ ನನ್ನನ್ನು ಕ್ಷಮಿಸಿಯೂ ಇಲ್ಲ.

ವಿಮರ್ಶಕರನ್ನು ಬೈಯುವುದು ನಮ್ಮ ಲೇಖಕರ ಕೂಟಗಳಲ್ಲಿ ಕಾಫಿಯ ಹಾಗೆ, ಇರಲೇಬೇಕು. ನಾನೂ ಕುಡಿಯುತ್ತೇನೆ. ಆದರೆ ಸಂದರ್ಶನಕಾರರು ಹೇಳಿದ್ದನ್ನು ಹೇಳಿದ ಹಾಗೆ ಹಾಕುವುದಿಲ್ಲ ಎಂದು ಯಾರಾದರೂ ದೂರಿದರೆ ನಾನು ಸುಮ್ಮನಾಗುತ್ತೇನೆ. ಎಮ್ಮೆ, ಗಿಣ್ಣವನ್ನೆಲ್ಲ ಬಿಟ್ಟು ಮೂರು ತಿಂಗಳು ಎಂದು ಬರೆದುಕೊಂಡ ವೈದ್ಯರು ಆ ಮನುಷ್ಯನನ್ನು ಗುಣಮಾಡಿಯೇ ಕಳಿಸಿದರಲ್ಲ. ಕೇಳುವವರು ನಮ್ಮ ಮಾತಿನಲ್ಲಿ ಯಾವುದನ್ನು ಬಿಟ್ಟು ಯಾವುದನ್ನು ಇಟ್ಟುಕೊಂಡರು ಎಂಬುದರ ಮೇಲೆ ನಾವು ಉಳಿಯುವುದೂ ಉಂಟು.

ಕೆಲವು ವರ್ಷಗಳ ನಂತರ ಉಡುಪಿಯಲ್ಲಿ ಯಾರದೋ ಪುಸ್ತಕ ಬಿಡುಗಡೆಯಲ್ಲಿ ಅವರು ಸಿಕ್ಕರು. ಭಾಷಣ ಎಳೆಯುತ್ತಿತ್ತು. ಅವರು ಕಿಟಕಿಯ ಬೆಳಕು ನೋಡುತ್ತ ಚೀಲ ಕೈಗೆತ್ತಿಕೊಂಡಿದ್ದರು. ಬಾಗಿಲಿನವರೆಗೆ ಹಿಂದೆಯೇ ಹೋಗಿ ಕೇಳಿದೆ, ಈಗಲಾದರೂ ನಿಜ ಹೇಳಿ, ಅದನ್ನು ನಾನು ಹೇಳಿದೆನಾ, ನೀವು ಸೇರಿಸಿದಿರಾ?

ಅವರು ಚೀಲವನ್ನು ಹೆಗಲಿಗೇರಿಸಿದರು. "ಆಗ ಗೊತ್ತಿತ್ತು. ಆಮೇಲೆ ನಿಮ್ಮ ಪುಸ್ತಕ ಓದಿದೆ ನೋಡಿ. ಈಗ ಕೇಳಿದ್ದು ಯಾವುದು, ಓದಿದ್ದು ಯಾವುದು ಅಂತ ಬೇರೆ ಮಾಡಲಿಕ್ಕೆ ಆಗುವುದಿಲ್ಲ. ಶಾವಿಗೆಗೆ ಉಪ್ಪು ಕಡಿಮೆ ಇತ್ತು. ಅಷ್ಟು ನೆನಪುಂಟು." ಮೆಟ್ಟಿಲು ಇಳಿದು ತಿರುಗಿ ನೋಡಿ, "ತಿದ್ದುಪಡಿ ಬಾಕಿ ಉಂಟಲ್ವಾ? ಹೇಳಿ, ಹಾಕುವ" ಎಂದು ಬಸ್ಸಿಗೆ ನಡೆದರು.

ಮೊನ್ನೆ ಕಾಪುವಿಗೆ ಹೋಗಿ ಅದೇ ಬಂಡೆಯ ಕೆಳಗೆ, ಅವರು ಕೂತಿದ್ದ ಜಾಗದಲ್ಲಿ ಕೂತೆ. ಅಲ್ಲಿಂದ ನೀರಿನ ಅಂಚು ಚೆನ್ನಾಗಿ ಕಾಣುತ್ತದೆ. ಆ ಹೆಂಗಸರು ನಿಜಕ್ಕೂ ಅಲ್ಲಿ ನಿಂತಿದ್ದರೆ ನೋಡಿದವರು ನೇಮಿರಾಜರೇ ಇರಬೇಕು. ಇಲ್ಲವಾದರೆ ನಾನು ಯಾವಾಗಲೋ ಒಮ್ಮೆ ಹಿಂತಿರುಗಿ ನೋಡಿರಬೇಕು. ಋಣ ಮಾತ್ರ ಅವರದ್ದೇ ಎಂದು ನಾನು ಇಟ್ಟುಕೊಂಡಿದ್ದೇನೆ. ಆ ಉತ್ತರ ಅವರದ್ದಾಗಿದ್ದರೆ ಕೊಟ್ಟದ್ದಕ್ಕೆ, ನನ್ನದಾಗಿದ್ದರೆ ಕೇಳಿಸಿಕೊಂಡದ್ದಕ್ಕೆ. ಆ ಸಂಜೆ ನಾನು ಹಿಂತಿರುಗಿ ನೋಡಿದೆನೋ ಇಲ್ಲವೋ, ನನಗೆ ಗೊತ್ತಿಲ್ಲ.