ಐದು ಜನರ ಊಟ

ಉಡುಪಿನ ಕಾರ್ಖಾನೆಯಲ್ಲಿ ಅಂಗಿಗಳಿಗೆ ಗುಂಡಿ ಹಾಕುತ್ತಿದ್ದ ಆಕೆಯನ್ನು ಎಲ್ಲರೂ ಗುಂಡಿಯಕ್ಕ ಎನ್ನುತ್ತಿದ್ದರು. ಮನೆಯಲ್ಲಿ ಗಂಡ, ಅತ್ತೆ, ಮೂವರು ಮಕ್ಕಳು. ಗಂಡ ಬೆನ್ನುನೋವಿನಿಂದ ಕೆಲಸ ಬಿಟ್ಟ ಮೇಲೆ ಸಂಬಳ ಅವಳದೊಂದೇ. ಆ ಮಕ್ಕಳ ತುಂಬು ಕೆನ್ನೆ ಕಂಡವರು ಮಾತ್ರ ಅದನ್ನು ನಂಬುತ್ತಿರಲಿಲ್ಲ. ಮಾರುಕಟ್ಟೆ ಮುಚ್ಚುವ ಹೊತ್ತಿಗೆ ಹೋಗಿ ಬಾಡಿದ ಸೊಪ್ಪು, ಚಿಪ್ಪು ಬಿರಿದ ಮೊಟ್ಟೆ ತರುತ್ತಿದ್ದಳು. ಅಕ್ಕಿಯ ಬದಲು ನುಚ್ಚು. ಕಾಳು ಮೊಳಕೆ ಬರಿಸಿ ಬೇಯಿಸಿದರೆ ಬಸಿದ ನೀರನ್ನೂ ಚೆಲ್ಲುತ್ತಿರಲಿಲ್ಲ. ಸತ್ವ ಅದರಲ್ಲಿರುತ್ತದೆಂದು ಯಾವ ಪುಸ್ತಕವೂ ಅವಳಿಗೆ ಹೇಳಿರಲಿಲ್ಲ.

ಆ ವರ್ಷ ಕೆಲಸದವರು ಊಟದ ಭತ್ಯೆ ಹೆಚ್ಚಿಸಬೇಕೆಂದು ಪಟ್ಟು ಹಿಡಿದಿದ್ದರು. ಮ್ಯಾನೇಜರು ಗುಂಡಿಯಕ್ಕನನ್ನು ಕರೆಸಿದರು.

“ಇದ್ದದ್ದರಲ್ಲೇ ಎಲ್ಲರ ಹೊಟ್ಟೆ ತುಂಬಿಸ್ತೀಯಂತಲ್ಲಮ್ಮ! ನಾಳೆ ನಿಮ್ಮನೆ ಊಟ ಕ್ಯಾಂಟೀನಿನಲ್ಲಿ ಮಾಡಿ ತೋರಿಸು. ಉಳಿದವರೂ ಕಲೀಲಿ.”

ಅಲ್ಲಿ ದುಡಿದ ಹದಿನೆಂಟು ವರ್ಷಗಳಲ್ಲಿ ಯಾರೂ ಅವಳನ್ನು ಯಾವುದಕ್ಕೂ ಮುಂದೆ ನಿಲ್ಲಿಸಿರಲಿಲ್ಲ. ಉಬ್ಬಿಹೋದಳು. ಮರುದಿನ ಅಡುಗೆ ಮಾಡಿ, ಮನೆಯ ರೂಢಿಯಂತೆ ಐದು ತಟ್ಟೆಗೆ ಬಡಿಸಿದಳು. ಗುಮಾಸ್ತ ಪ್ರತಿಯೊಂದನ್ನೂ ತೂಗಿ ಬರೆದುಕೊಂಡ. ತಕ್ಕಡಿಯಲ್ಲಿ ದೋಷವಿರಲಿಲ್ಲ. ಸುತ್ತ ನೆರೆದಿದ್ದ ಹೆಂಗಸರಲ್ಲಿ ಒಬ್ಬರಿಗೂ ತಟ್ಟೆಗಳ ಎಣಿಕೆ ತಪ್ಪೆನಿಸಲಿಲ್ಲ; ಅವರ ಮನೆಗಳಲ್ಲೂ ಎಣಿಕೆ ಹಾಗೆಯೇ.

ವಾರದ ಬಳಿಕ ಫಲಕದ ಮೇಲೆ ನೋಟೀಸು ಬಂತು: ಕುಟುಂಬವೊಂದು ಈಗಿನ ಭತ್ಯೆಯಲ್ಲೇ ಪುಷ್ಟಿಕರವಾಗಿ ಉಣ್ಣಬಹುದೆಂಬುದು ಪ್ರಯೋಗದಿಂದ ಸಾಬೀತಾಗಿದೆ, ಹೆಚ್ಚಳ ಅನಗತ್ಯ.

“ಬಾರಮ್ಮ ಮಹಾತಾಯಿ!” ಪಕ್ಕದ ಮೆಷಿನ್ನಿನಲ್ಲಿ ಕಾಲರ್ ಹೊಲಿಯುವವಳು ಚುಚ್ಚಿದಳು. “ನಮ್ಮ ಹೊಟ್ಟೆಗೂ ಗುಂಡಿ ಹಾಕಿಬಿಟ್ಟೆ.”

“ಹೀಗಾಗ್ಲಿ ಅಂತ ಮಾಡಿದ್ನೇನೇ?”

“ನೀನೆಲ್ಲಿ ಮಾಡಿದೆ? ನಿನ್ನ ಜಂಬ ಮಾಡ್ತು.”

ಊಟದ ಬಿಡುವಿನಲ್ಲಿ ಯಾರೂ ಅವಳ ಬಳಿ ಕೂರಲಿಲ್ಲ. ಒಂಟಿಯಾಗಿ ಕೂತಾಗ, ತನ್ನ ಡಬ್ಬಿಯಲ್ಲಿದ್ದ ತಳ ಕೆರೆದ ಸೀಕಲು ನೋಡುತ್ತಾ ನೋಡುತ್ತಾ, ತಪ್ಪು ಎಲ್ಲಾಯಿತೆಂಬುದು ಅವಳಿಗೆ ಹೊಳೆಯಿತು. ನೇರವಾಗಿ ಆಫೀಸಿಗೆ ಹೋದಳು.

“ಸಾರ್, ಲೆಕ್ಕ ತಪ್ಪಿದೆ. ನಮ್ಮನೇಲಿ ಆರು ಜನ.”

“ಆರನೆಯವರು ಯಾರು?”

“ನಾನು.”

ಮ್ಯಾನೇಜರು ಕನ್ನಡಕ ತೆಗೆದರು. “ಮತ್ತೆ ದಿನಾ ಏನು ತಿಂತೀಯ?”

“ಉಳಿದಿದ್ದು.”

“ನೋಡಿದ್ಯಾ! ಹಾಗಾದ್ರೆ ಉಳಿಯುತ್ತೆ ಅಂತಾಯ್ತಲ್ಲ.” ಗುಮಾಸ್ತನ ಕಡೆ ತಿರುಗಿ, “ಇದನ್ನೂ ಸೇರಿಸಪ್ಪ” ಎಂದರು.

ಗುಮಾಸ್ತ ಅದನ್ನೂ ಬರೆದುಕೊಂಡ. ಪ್ರಯೋಗವೊಂದು ತನಗೆ ಬೇಕಾದ ಫಲಿತಾಂಶವನ್ನು ಮೊದಲೇ ಬರೆದಿಟ್ಟುಕೊಂಡಿದ್ದರೆ ಎದುರು ಬರುವ ಸಾಕ್ಷ್ಯವೂ ಅದರ ಪರವೇ ನಿಲ್ಲುತ್ತದೆ.

ಅಂದು ಸಂಜೆ ಅವಳು ಆರು ತಟ್ಟೆ ಹಾಕಿ, ಪಾತ್ರೆಯಲ್ಲಿದ್ದುದನ್ನು ಸಮನಾಗಿ ಬಡಿಸಿ, ಎಲ್ಲರ ಜೊತೆಗೆ ಕೂತಳು.

“ಏನೇ ಇದು, ಇಷ್ಟೇ ಹಾಕಿದ್ದೀಯ?” ಎಂದ ಗಂಡ.

“ಇವತ್ತು ಆರು ಜನ ಉಣ್ತಿದ್ದೀವಿ.”

ಯಾರು ಬಂದರೋ ಎಂದು ಅತ್ತೆ ಬಾಗಿಲ ಕಡೆ ನೋಡಿದರು.